ಕುಡಿತ ದಿಢೀರ್ ನಿಂತ ಮೇಲಿನ ನಾಲ್ಕು ದಿನ: ಆರೋಗ್ಯ ಮತ್ತು ಅಬಕಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಮಾನ್ಯ ಅಬಕಾರಿ ಸಚಿವರಿಗೆ,

ನಮಸ್ಕಾರ.

ನಾನು ರಾಯಚೂರು ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಿಯಾದವಳು. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯುವಂತಿರಲಿಲ್ಲ, ಈಗ ಬರೆಯಬಹುದು. ಇಬ್ಬರಿಗೂ ಒಂದೇ ಪತ್ರ ಯಾಕೆ ಅಂದರೆ, ನಾನು ಹೇಳಬೇಕಾದ ವಿಷಯ ನಿಮ್ಮ ಎರಡು ಇಲಾಖೆಗಳ ನಡುವೆ ಎಲ್ಲೋ ಬಿದ್ದುಹೋಗಿದೆ. ಒಬ್ಬರ ಇಲಾಖೆ ಮದ್ಯದ ಲೈಸೆನ್ಸ್ ಕೊಡುತ್ತದೆ, ಕಳ್ಳ ಮಾಲು ಹಿಡಿಯುತ್ತದೆ. ಇನ್ನೊಬ್ಬರ ಇಲಾಖೆ ಲಿವರ್ ಕೆಟ್ಟವರಿಗೆ ಔಷಧಿ ಕೊಡುತ್ತದೆ. ರೋಜು ಕುಡಿಯುತ್ತಿದ್ದವನಿಗೆ ಒಮ್ಮೆಲೇ ಕುಡಿತ ನಿಂತುಬಿಟ್ಟರೆ ಮೊದಲ ನಾಲ್ಕು ದಿನ ಏನಾಗುತ್ತದೆ ಅನ್ನುವುದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ವಾರ್ಡಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಇದು ಯಾರೋ ಒಬ್ಬನ ಕಥೆ ಅಲ್ಲ. ಇಂಥವರನ್ನು ಎಷ್ಟೋ ಜನರನ್ನು ನೋಡಿದ್ದೇನೆ, ಎಲ್ಲರನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಲವತ್ತರ ಆಸುಪಾಸಿನ ಟ್ರ್ಯಾಕ್ಟರ್ ಡ್ರೈವರ್. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಸೋಮವಾರ ಸಂಜೆ ಅಡ್ಮಿಟ್ ಆಗುತ್ತಾನೆ. ಕೇಸ್ ಶೀಟಿನಲ್ಲಿ ಬಿ.ಪಿ., ಶುಗರ್, ಅಲರ್ಜಿ ಎಲ್ಲ ಬರೆದುಕೊಳ್ಳುತ್ತಾರೆ. ಕುಡೀತೀಯಾ ಅಂದರೆ "ಯಾವಾಗರ ಒಮ್ಮೆ ರೀ" ಅನ್ನುತ್ತಾನೆ. ಪಕ್ಕದಲ್ಲಿ ನಿಂತ ಹೆಂಡತಿ ನೆಲ ನೋಡುತ್ತಾಳೆ. ಮಂಗಳವಾರ ಬೆಳಿಗ್ಗೆ ಕೈ ನಡುಕ ಶುರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಚಹಾ ಬೆಡ್‌ಶೀಟ್ ಮೇಲೆ ಚೆಲ್ಲುತ್ತದೆ. ಮೈಯೆಲ್ಲ ಬೆವರು, ನಾಡಿ ಓಡುತ್ತಿರುತ್ತದೆ. ನೋವಿಗೆ ಹೀಗಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಬುಧವಾರ ನಡುರಾತ್ರಿ ಮಂಚದ ಮೇಲೆ ಎದ್ದು ಕೂತು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸುತ್ತಾನೆ, ಗೇರ್ ಹಾಕುತ್ತಾನೆ. ಗೋಡೆ ತುಂಬ ಇರುವೆ ಹರಿಯುತ್ತಿವೆ ಅನ್ನುತ್ತಾನೆ. ಮುರಿದ ಕಾಲಿನಲ್ಲೇ ಇಳಿದು ಓಡಲು ನೋಡುತ್ತಾನೆ.

ಅಷ್ಟೊತ್ತಿಗೆ ಅವನ ಅವ್ವ ದಿಂಬಿನ ಕೆಳಗೆ ನಿಂಬೆಹಣ್ಣು ಇಟ್ಟಿರುತ್ತಾಳೆ, ಗಾಳಿ ಸೋಕಿದೆ ಅಂತ. ಪಕ್ಕದ ಬೆಡ್ಡಿನವರು ಹುಚ್ಚು ಹಿಡಿಯಿತು ಅನ್ನುತ್ತಾರೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ದರೆ ಬ್ಯಾಂಡೇಜ್ ಬಟ್ಟೆಯಿಂದ ಕೈಕಾಲು ಕಟ್ಟುವುದು ಬಿಟ್ಟು ಬೇರೆ ದಾರಿ ತೋಚುವುದಿಲ್ಲ.

ಡಾಕ್ಟರುಗಳು ಇದನ್ನು ಡಿ.ಟಿ. ಅನ್ನುತ್ತಾರೆ, ಡೆಲಿರಿಯಮ್ ಟ್ರೆಮೆನ್ಸ್. ಕೊನೆಯ ಗುಟುಕು ಕುಡಿದ ಆರೆಂಟು ಗಂಟೆಗೆ ನಡುಕ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಡಿ.ಟಿ. ಬರುವುದು ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ಎಲ್ಲ ಕುಡುಕರಿಗೂ ಇದು ಬರುವುದಿಲ್ಲ, ಕೆಲವರಿಗೇ. ಆದರೆ ಬಂದವರಿಗೆ ಚಿಕಿತ್ಸೆ ಸಿಗದಿದ್ದರೆ ಮೂವರಲ್ಲಿ ಒಬ್ಬರವರೆಗೂ ಸಾಯಬಹುದು ಅಂತ ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿದೆ. ಹೊತ್ತಿಗೆ ಸರಿಯಾಗಿ ಔಷಧಿ ಸಿಕ್ಕರೆ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಆ ಔಷಧಿ ದುಬಾರಿಯೂ ಅಲ್ಲ.

ಹಾಗಾದರೆ ಕುಡಿಯುವುದನ್ನು ಬಿಟ್ಟಿದ್ದಕ್ಕೆ ದೇಹ ಯಾಕೆ ಇಷ್ಟು ರಂಪ ಮಾಡುತ್ತದೆ? ಇದನ್ನು ನಾನು ರೋಗಿಗಳ ಮನೆಯವರಿಗೆ ಹೇಳುತ್ತಿದ್ದ ಹಾಗೇ ನಿಮಗೂ ಹೇಳುತ್ತೇನೆ. ಮೆದುಳಿನಲ್ಲಿ ಒಂದು ಬ್ರೇಕ್ ಇದೆ, ಒಂದು ಆಕ್ಸಿಲರೇಟರ್ ಇದೆ. ಗಾಬಾ ಅನ್ನುವ ರಾಸಾಯನಿಕ ಬ್ರೇಕ್, ಗ್ಲುಟಮೇಟ್ ಆಕ್ಸಿಲರೇಟರ್. ಮದ್ಯ ಬ್ರೇಕನ್ನು ಒತ್ತುತ್ತದೆ, ಆಕ್ಸಿಲರೇಟರನ್ನು ಹಿಡಿದುಹಾಕುತ್ತದೆ. ಅದಕ್ಕೇ ಕುಡಿದವರಿಗೆ ಹಗುರ ಅನ್ನಿಸುವುದು, ನಾಲಿಗೆ ತೊದಲುವುದು, ನಿದ್ದೆ ಬರುವುದು. ರೋಜು ಹೀಗೇ ಆದರೆ ಮೆದುಳು ಸುಮ್ನೆ ಕೂರುವುದಿಲ್ಲ. ಹೊರಗಿನಿಂದ ಬ್ರೇಕ್ ಬೀಳುತ್ತಲೇ ಇದೆಯಲ್ಲ ಅಂತ ತನ್ನ ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ, ಆಕ್ಸಿಲರೇಟರನ್ನು ಬಿಗಿ ಮಾಡಿಕೊಳ್ಳುತ್ತದೆ. ಈಗ ಮೊದಲಿನಷ್ಟೇ ಕುಡಿದರೆ ಏರುವುದಿಲ್ಲ. ಒಂದು ನೈಂಟಿಗೆ, ಅಂದರೆ 90 ಎಂ.ಎಲ್.ಗೆ, ಆಗುತ್ತಿದ್ದದ್ದಕ್ಕೆ ಕ್ವಾರ್ಟರ್ ಬೇಕು, ಆಮೇಲೆ ಹಾಫ್ ಬೇಕು. ಹೀಗೆ ಒಗ್ಗಿಕೊಂಡ ಮೆದುಳಿನಿಂದ ಮದ್ಯವನ್ನು ಒಮ್ಮೆಲೇ ಕಿತ್ತುಕೊಂಡರೆ ಬ್ರೇಕ್ ಸಡಿಲವಾಗಿಯೇ ಇರುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡಿರುತ್ತದೆ. ನಡುಕ, ಫಿಟ್ಸ್, ಇರುವೆ ಕಾಣುವುದು ಎಲ್ಲ ಅದರದ್ದೇ ಫಲ.

ಲಿವರ್ ಕೂಡ ತನ್ನ ಪಾಲಿನದ್ದು ಮಾಡುತ್ತದೆ. ಜಾಸ್ತಿ ಕುಡಿಯುವವರ ಲಿವರಿನಲ್ಲಿ ಸಿ.ವೈ.ಪಿ. 2ಇ1 ಅನ್ನುವ ಕಿಣ್ವ ಹೆಚ್ಚಾಗಿ ಮದ್ಯವನ್ನು ಬೇಗ ಬೇಗ ಕರಗಿಸತೊಡಗುತ್ತದೆ. ಕೇಳಲು ಒಳ್ಳೆಯದೇ ಅನ್ನಿಸುತ್ತದೆ, ಅಲ್ವಾ? ಆದರೆ ಇದೇ ಕಿಣ್ವ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ಭಾಗವನ್ನು ಲಿವರಿಗೇ ವಿಷವಾಗುವ ವಸ್ತುವಾಗಿ ಬದಲಿಸುತ್ತದೆ. ರಾತ್ರಿಯೆಲ್ಲ ಕುಡಿದು, ಬೆಳಿಗ್ಗೆ ತಲೆನೋವಿಗೆ ಮೇಲಿಂದ ಮೇಲೆ ಮಾತ್ರೆ ನುಂಗುವವರಿಗೆ ಇದನ್ನು ಮೆಡಿಕಲ್ ಶಾಪಿನಲ್ಲಿ ಯಾರೂ ಹೇಳುವುದಿಲ್ಲ.

ನಮ್ಮ ಕಡೆ ಹೆಂಗಸರು ಗಂಡಂದಿರ ಬಗ್ಗೆ ಒಂದು ಮಾತು ಹೇಳುತ್ತಾರೆ: "ನಮ್ಮನ್ಯಾಗಿನವರು ಎಷ್ಟು ಕುಡದ್ರೂ ತೂರಾಡಂಗಿಲ್ರೀ ಅಕ್ಕಾರ." ಅದರಲ್ಲಿ ಸ್ವಲ್ಪ ಸಮಾಧಾನ ಇರುತ್ತದೆ, ಸ್ವಲ್ಪ ಹೆಮ್ಮೆಯೂ ಇರುತ್ತದೆ. ಗೆಳೆಯರು "ಅವ್ನ ಕೆಪ್ಯಾಸಿಟಿ ಬ್ಯಾರೇನ ಐತಿ" ಅನ್ನುತ್ತಾರೆ. ತೂರಾಡದವನೇ ಹೆಚ್ಚು ಅಪಾಯದಲ್ಲಿದ್ದಾನೆ ಅಂತ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿಹೋಗುತ್ತಿತ್ತು. ನಡಿಗೆ, ಮಾತು ಇವು ಬೇಗ ಒಗ್ಗುತ್ತವೆ. ಲಿವರ್, ಹೃದಯ, ನರಗಳಿಗೆ ಆಗುವ ಪೆಟ್ಟು ಒಗ್ಗುವುದಿಲ್ಲ, ಅದು ಪ್ರಮಾಣದ ಲೆಕ್ಕದಲ್ಲೇ ನಡೆಯುತ್ತದೆ. ಜೀವ ತೆಗೆಯುವ ಪ್ರಮಾಣವೂ ಕೆಪ್ಯಾಸಿಟಿಯ ಜೊತೆ ಅಷ್ಟೇ ಮೇಲೆ ಹೋಗುವುದಿಲ್ಲ. ಅಂದರೆ ಏರಿಸಿಕೊಳ್ಳಲು ಬೇಕಾಗುವುದಕ್ಕೂ ಉಸಿರು ನಿಲ್ಲಿಸುವುದಕ್ಕೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಾ ಬರುತ್ತದೆ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಯ ಬಾಟಲಿ ಮೇಲೆ 42.8% ಅಂತ ಇರುತ್ತದೆ. 180 ಎಂ.ಎಲ್.ನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. ಸಾಮಾನ್ಯ ಲಿವರ್ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ಜಾವವೂ ಮದ್ಯ ಉಳಿದಿರಬಹುದು. ಬಿಯರ್ ಕುಡಿದರೆ ಏನೂ ಆಗಲ್ಲ ಅನ್ನುವವರಿಗೆ ಒಂದು ಮಾತು: 8% ಇರುವ 650 ಎಂ.ಎಲ್.ನ ಒಂದು ಸ್ಟ್ರಾಂಗ್ ಬಿಯರಿನಲ್ಲಿ ಒಂದು ನೈಂಟಿ ವಿಸ್ಕಿಗಿಂತ ಜಾಸ್ತಿ ಮದ್ಯಸಾರ ಇದೆ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. "ನಾನು ಸ್ಟೆಡಿ ಇದ್ದೀನಿ ಸರ್" ಅಂತ ಪೊಲೀಸರ ಮುಂದೆ ನೆಟ್ಟಗೆ ನಿಂತವನು ಆ ಮೆಷಿನ್ ಊದಿದಾಗ ಸಿಕ್ಕಿಬೀಳುವುದು ಇದಕ್ಕೇ.

ಇನ್ನೂ ಕೆಲವು ವರ್ಷ ಹೋದರೆ ಆಟ ಉಲ್ಟಾ ಆಗುತ್ತದೆ. ಮುಂಚೆ ಫುಲ್ ಬಾಟಲಿ ಮುಗಿಸುತ್ತಿದ್ದವನು ಒಂದು ನೈಂಟಿಗೇ ನೆಲಕ್ಕೆ ಬೀಳುತ್ತಾನೆ. ಮನೆಯವರು ಕುಡಿತ ಕಮ್ಮಿ ಆಯಿತು ಅಂತ ಖುಷಿಪಡುತ್ತಾರೆ. ಲಿವರ್ ಸೋತಿದೆ, ಮದ್ಯವನ್ನು ಕರಗಿಸಲು ಅದರ ಕೈಲಿ ಆಗುತ್ತಿಲ್ಲ ಅಷ್ಟೇ.

ಈಗ ನಮ್ಮ ರಾಯಚೂರಿನ ವಿಷಯಕ್ಕೆ ಬರುತ್ತೇನೆ. ಅಬಕಾರಿ ಸಚಿವರು ಇದನ್ನು ಸ್ವಲ್ಪ ಗಮನ ಕೊಟ್ಟು ಓದಬೇಕು. ಇಲ್ಲಿ ಸಿ.ಎಚ್. ಪೌಡರ್ ಸೇಂದಿ ಅನ್ನುವುದು ಮಕ್ಕಳಿಗೂ ಗೊತ್ತು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ಹಳೆಯ ರಾಸಾಯನಿಕ. ಮರದಿಂದ ಇಳಿಸಿದ ಸೇಂದಿಗೆ ಇದನ್ನು ಸೇರಿಸುತ್ತಾರೆ. ಎಷ್ಟೋ ಸಲ ಸೇಂದಿಯೇ ಇರುವುದಿಲ್ಲ, ನೀರು, ಪೌಡರ್, ಸ್ಯಾಕ್ರಿನ್ ಅಷ್ಟೇ. ಗಡಿಯ ಆಚೆ ತೆಲಂಗಾಣದಲ್ಲಿ ನಿದ್ದೆ ಬರಿಸುವ ಔಷಧಿಗಳಾದ ಡಯಾಜೆಪಾಮ್, ಆಲ್‌ಪ್ರಜೋಲಾಮ್ ಕೂಡ ಬೆರೆಸಿದ್ದು ಸಿಕ್ಕಿದೆ. ಇವೆಲ್ಲ ಮೆದುಳಿನ ಅದೇ ಬ್ರೇಕನ್ನು ಒತ್ತುವ ಮಾಲುಗಳು. ಹೊಲದ ಕೆಲಸ ಮುಗಿಸಿ ಬರುವ ಗಂಡಸರಷ್ಟೇ ಅಲ್ಲ, ಮೈಕೈ ನೋವಿಗೆ ಅಂತ ಹೆಂಗಸರೂ ಕುಡಿಯುತ್ತಾರೆ. ಹೆಂಗಸರ ವಾರ್ಡಿನಲ್ಲಂತೂ ಕುಡಿತದ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಹೆರಿಗೆಗೆ, ಗರ್ಭಕೋಶದ ಆಪರೇಷನ್ನಿಗೆ ಬಂದವಳಿಗೆ ಎರಡನೇ ದಿನ ಫಿಟ್ಸ್ ಬಂದರೆ ಹತ್ತು ಕಾರಣ ಹುಡುಕುತ್ತಾರೆ, ಸೇಂದಿ ನೆನಪಾಗುವುದು ಕೊನೆಗೆ.

ಒಂದಕ್ಕೆ ಒಗ್ಗಿದ ಮೆದುಳು ಅದೇ ಜಾತಿಯ ಇನ್ನೊಂದಕ್ಕೂ ಒಗ್ಗಿರುತ್ತದೆ. ಆಪರೇಷನ್ ಥಿಯೇಟರಿನಲ್ಲಿ "ಇಷ್ಟು ಇಂಜೆಕ್ಷನ್ ಕೊಟ್ಟರೂ ಮಲಗ್ತಾ ಇಲ್ಲವಲ್ಲ" ಅಂತ ಅರಿವಳಿಕೆ ಡಾಕ್ಟರು ತಲೆ ಕೆರೆದುಕೊಳ್ಳುವುದನ್ನು ನೋಡಿದ್ದೇನೆ. ಹೊರಗೆ ಬಂದು ರೋಗಿಯ ಅತ್ತೆಯನ್ನು ಮೆಲ್ಲಗೆ ಕೇಳಿದರೆ ವಿಷಯ ಗೊತ್ತಾಗುತ್ತಿತ್ತು.

2015ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಮುಗಿಬಿತ್ತು. ಒಳ್ಳೆಯ ಕೆಲಸವೇ. ಆದರೆ ನಿಜಾಮಾಬಾದ್, ಮೆಹಬೂಬ್‌ನಗರ ಕಡೆ ಕೆಲವೇ ದಿನಗಳಲ್ಲಿ ನೂರಾರು ಜನ ನಡುಕ, ಫಿಟ್ಸ್, ಭ್ರಮೆ ಅಂತ ಆಸ್ಪತ್ರೆಗೆ ಬಂದರು. ಸಾವುಗಳೂ ಆದವು. ಮೆಹಬೂಬ್‌ನಗರ ಆಗ ನಮ್ಮ ಪಕ್ಕದ ಜಿಲ್ಲೆಯಾಗಿತ್ತು. ಅಲ್ಲಿ ಆಗಿದ್ದು ಇಲ್ಲಿ ಆಗಲ್ಲ ಅನ್ನಲು ಬರುವುದಿಲ್ಲ. ನಮ್ಮಲ್ಲಿ ಅಬಕಾರಿ ದಾಳಿ ಆದ ಮರುದಿನ ಪೇಪರಿನಲ್ಲಿ ಎಷ್ಟು ಲೀಟರ್ ಸೇಂದಿ ಚೆಲ್ಲಿದರು, ಎಷ್ಟು ಕೆ.ಜಿ. ಪೌಡರ್ ಹಿಡಿದರು ಅಂತ ಫೋಟೋ ಸಮೇತ ಬರುತ್ತದೆ. ಆ ಲೀಟರುಗಳನ್ನು ರೋಜು ಕುಡಿಯುತ್ತಿದ್ದವರು ಆವತ್ತು ರಾತ್ರಿ ಏನು ಮಾಡಿದರು ಅಂತ ಬರುವುದಿಲ್ಲ.

2020ರ ಲಾಕ್‌ಡೌನ್ ನಿಮಗೆ ನೆನಪಿರಬೇಕು. ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು, ನಮ್ಮ ರಾಜ್ಯದಲ್ಲಿ ಮದ್ಯದಂಗಡಿ ಮತ್ತೆ ತೆರೆದಿದ್ದು ಮೇ 4ಕ್ಕೆ. ಮದ್ಯ ಸಿಗದೆ ಆತ್ಮಹತ್ಯೆ ಮಾಡಿಕೊಂಡವರ ಸುದ್ದಿ ನಮ್ಮಲ್ಲೂ ಬಂತು, ಕೇರಳದಲ್ಲೂ ಬಂತು. ಕೇರಳ ಸರ್ಕಾರ ಡಾಕ್ಟರ ಚೀಟಿ ತಂದವರಿಗೆ ಮದ್ಯ ಕೊಡುವ ಆದೇಶ ಮಾಡಿತು. ಡಾಕ್ಟರುಗಳ ಸಂಘ ಸಿಟ್ಟಾಯಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹೈಕೋರ್ಟ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಕುಡಿತ ನಿಂತಾಗ ಬರುವ ಈ ತೊಂದರೆಗೆ, ಅಂದರೆ ವಿತ್‌ಡ್ರಾವಲ್‌ಗೆ, ಔಷಧಿ ಆಸ್ಪತ್ರೆಯಲ್ಲಿದೆ, ಬಾಟಲಿಯನ್ನೇ ಔಷಧಿ ಅಂತ ಬರೆದುಕೊಡುವುದು ಯಾವ ನ್ಯಾಯ? ಆದರೆ ಕೇರಳದವರು ಕಾಯಿಲೆ ಇದೆ ಅಂತಾದರೂ ಒಪ್ಪಿಕೊಂಡರು. ಬಹಳಷ್ಟು ಕಡೆ ಕುಡುಕರ ಹಣೆಬರಹ ಅಂತ ನಕ್ಕು ಸುಮ್ಮನಾದರು. ವಾಟ್ಸಾಪಿನಲ್ಲಿ ಜೋಕುಗಳು ಓಡಾಡಿದವು.

ಅಷ್ಟು ದೊಡ್ಡ ಬಂದ್ ಬೇಡ, ಚುನಾವಣೆ ಸಾಕು. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ಮಾರುವಂತಿಲ್ಲ ಅನ್ನುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿದೆ. ಬೇಕಾದ್ದೇ. ದುಡ್ಡಿರುವವರು ಮೊದಲೇ ತಂದು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ದಿನದ ಕೂಲಿಯಲ್ಲಿ ದಿನದ ಪ್ಯಾಕೆಟ್ ಕೊಳ್ಳುವವನಿಗೆ ಆ ಸೌಲಭ್ಯ ಇಲ್ಲ. ಫಿಟ್ಸ್ ಬರುವ ಅವಧಿಯೂ ಅದೇ 48 ಗಂಟೆ. ಅದೇ ಹೊತ್ತಿಗೆ ಆಸ್ಪತ್ರೆಯ ಅರ್ಧ ಸಿಬ್ಬಂದಿ ಎಲೆಕ್ಷನ್ ಡ್ಯೂಟಿಯಲ್ಲಿರುತ್ತಾರೆ.

ಮದ್ಯ ನಿಷೇಧ ಮಾಡಿ ಅಂತ ನಾನು ಕೇಳುತ್ತಿಲ್ಲ, ಮಾಡಬೇಡಿ ಅಂತಲೂ ಹೇಳುತ್ತಿಲ್ಲ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ಪ್ಯಾಕೆಟ್ ವಿಸ್ಕಿ ಬಂತು. ಆ ಚರ್ಚೆಯೇ ಬೇರೆ. ನಾನು ಕೇಳುತ್ತಿರುವುದು ಸಣ್ಣದು.

ಮೊದಲನೆಯದಾಗಿ ಕೇಸ್ ಶೀಟ್. ರಾಜ್ಯದ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ, ಯಾವ ಕಾಯಿಲೆಗೇ ಅಡ್ಮಿಟ್ ಆಗಲಿ, ಗಂಡಸಾಗಲಿ ಹೆಂಗಸಾಗಲಿ, ಎರಡು ಪ್ರಶ್ನೆ ಅಚ್ಚಾಗಿರಲಿ: ದಿನಾ ಎಷ್ಟು ಕುಡಿಯುತ್ತೀರಿ, ಕೊನೆಯ ಸಲ ಕುಡಿದಿದ್ದು ಯಾವಾಗ. ಸೇಂದಿ, ನಿದ್ದೆ ಮಾತ್ರೆ ಎಲ್ಲ ಸೇರಿ. ಕೇಳುವ ರೀತಿಯೂ ಮುಖ್ಯ. "ಕುಡೀತೀಯಾ?" ಅಂದರೆ ಯಾರೂ ಹೂಂ ಅನ್ನುವುದಿಲ್ಲ. "ಅಣ್ಣಾ, ನಿನ್ನೆ ಎಷ್ಟು ತಗೊಂಡಿದ್ರಿ? ಹೇಳಿದ್ರೆ ಇಂಜೆಕ್ಷನ್ ಸರಿಯಾಗಿ ಕೊಡಬಹುದು" ಅಂತ ಮನೆಯವರು ಚಹಾಕ್ಕೆ ಹೋದಾಗ ಕೇಳಿದರೆ ಹೇಳುತ್ತಾರೆ. ನಾನು ಹಾಗೇ ಕೇಳುತ್ತಿದ್ದೆ.

ಆಮೇಲೆ ಔಷಧಿ. ನಡುಕ, ಫಿಟ್ಸ್ ತಡೆಯಲು ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಇಂಜೆಕ್ಷನ್, ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ, ಥಯಾಮಿನ್ ಅಂದರೆ ಬಿ1 ಇಂಜೆಕ್ಷನ್. ಇವು ತಾಲ್ಲೂಕು ಆಸ್ಪತ್ರೆಯಲ್ಲಿ ಯಾವತ್ತೂ ಖಾಲಿಯಾಗಬಾರದು. ಥಯಾಮಿನ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಿಶ್ಶಕ್ತಿ ಅಂತ ಬಂದವರಿಗೆ ಒಂದು ಬಾಟಲಿ ಗ್ಲೂಕೋಸ್ ಏರಿಸಿ ಅಂತ ಮನೆಯವರು ಹಟ ಹಿಡಿಯುತ್ತಾರೆ, ನಾವೂ ಏರಿಸುತ್ತೇವೆ. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟವರ ದೇಹದಲ್ಲಿ ಬಿ1 ಇರುವುದೇ ಕಮ್ಮಿ. ಅಂಥವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇದ್ದಬದ್ದ ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ನೆಟ್ಟಗೆ ನಿಲ್ಲುವುದಿಲ್ಲ, ನಡಿಗೆ ತಪ್ಪುತ್ತದೆ, ಕೆಲವರಿಗೆ ನೆನಪಿನ ಶಕ್ತಿ ಮತ್ತೆ ಬರುವುದೇ ಇಲ್ಲ. ಇದು ಎಲ್ಲ ಡಾಕ್ಟರುಗಳಿಗೂ ಗೊತ್ತು. ರಾತ್ರಿ ಎರಡು ಗಂಟೆಗೆ ಸ್ಟಾಕ್ ಇಲ್ಲದಿದ್ದರೆ ಗೊತ್ತಿದ್ದು ಏನು ಮಾಡೋದು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ, ಆನ್‌ಲೈನಿನಲ್ಲಿ ತರಬೇತಿಯನ್ನೂ ಕೊಡುತ್ತಾರೆ. ದೇಶಕ್ಕೆ ಕಲಿಸುವವರು ನಮ್ಮ ಮನೆಯಲ್ಲೇ ಇದ್ದಾರೆ. ತಾಲ್ಲೂಕಿನ ಡ್ಯೂಟಿ ಡಾಕ್ಟರು, ನರ್ಸುಗಳಿಗೆ ಆ ತರಬೇತಿ ಕಡ್ಡಾಯ ಮಾಡಿದರೆ ಸಾಕು. ಮನೋವೈದ್ಯರು ಇಲ್ಲ ಅನ್ನುವ ನೆಪಕ್ಕೆ ಅಲ್ಲಿಗೆ ಅರ್ಧ ಉತ್ತರ ಸಿಗುತ್ತದೆ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಗುತ್ತಿದೆ. ಉಳಿದ 37 ಜನ ಎಲ್ಲಿದ್ದಾರೆ ಅಂದರೆ, ನಮ್ಮ ಜನರಲ್ ವಾರ್ಡುಗಳಲ್ಲೇ ಬೇರೆ ಬೇರೆ ಕಾಯಿಲೆಯ ಹೆಸರಲ್ಲಿ ಬಂದು ಹೋಗುತ್ತಿರುತ್ತಾರೆ.

ಕುಡಿತ ಬಿಡಿಸಿದ ಮೇಲಿನ ಅಪಾಯವನ್ನೂ ಹೇಳಿಬಿಡುತ್ತೇನೆ. ಕೆಲವು ವಾರ ಬಿಟ್ಟರೆ ಒಗ್ಗಿದ್ದು ಇಳಿದುಹೋಗುತ್ತದೆ. ಶಿಬಿರದಿಂದ, ಜೈಲಿನಿಂದ ವಾಪಸ್ ಬಂದವನು ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ದೇಹ ತಡೆಯುವುದಿಲ್ಲ. ಹೆರಾಯಿನ್, ಟಾಪೆಂಟಡಾಲ್ ಅನ್ನುವ ನೋವಿನ ಮಾತ್ರೆ ಇಂಥವುಗಳಲ್ಲಿ ಇದು ಇನ್ನೂ ಕೆಟ್ಟದ್ದು, ಉಸಿರೇ ನಿಲ್ಲುತ್ತದೆ. ಒಗ್ಗುವುದರಲ್ಲಿ ಜಾಗದ ಪಾತ್ರವೂ ಇದೆ ಅಂತ ಕೆನಡಾದ ಶೆಪರ್ಡ್ ಸೀಗಲ್ ಅನ್ನುವ ವಿಜ್ಞಾನಿ 1982ರಲ್ಲೇ ಇಲಿಗಳಲ್ಲಿ ತೋರಿಸಿದ್ದಾರೆ. ಹೆರಾಯಿನ್‌ಗೆ ಒಗ್ಗಿಸಿದ ಇಲಿಗಳಿಗೆ ಒಂದು ದೊಡ್ಡ ಡೋಸ್ ಕೊಟ್ಟರು. ರೂಢಿಯ ಕೋಣೆಯಲ್ಲಿ ಕೊಟ್ಟಾಗ 32% ಸತ್ತವು. ಬೇರೆ ಕೋಣೆಯಲ್ಲಿ ಅದೇ ಡೋಸ್ ಕೊಟ್ಟಾಗ 64%. ಅಭ್ಯಾಸವೇ ಇಲ್ಲದ ಇಲಿಗಳಲ್ಲಿ 96%. ಬಿಡುಗಡೆಯ ಚೀಟಿ ಕೊಡುವ ದಿನ ಈ ಮಾತನ್ನು ರೋಗಿಗೂ ಮನೆಯವರಿಗೂ ಐದು ನಿಮಿಷ ಕೂರಿಸಿ ಹೇಳಬೇಕು. ಕೋಣೆಯಲ್ಲಿ ಕೂಡಿ ಬೀಗ ಹಾಕುವ, ಸರಪಳಿ ಬಿಗಿಯುವ "ವ್ಯಸನಮುಕ್ತಿ ಕೇಂದ್ರ"ಗಳಿಂದ ಇದನ್ನು ನಿರೀಕ್ಷಿಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ, ಡ್ರಗ್ಸ್‌ನ ತೊಂದರೆಯನ್ನೂ ಒಳಗೊಂಡಿದೆ. ಸರಪಳಿ ಹಾಕುವುದು ಅದರಲ್ಲಿ ನಿಷಿದ್ಧ. ನೋಂದಣಿ ಇಲ್ಲದ ಕೇಂದ್ರಗಳನ್ನು ಒಮ್ಮೆ ಎಣಿಸಿ ನೋಡಿ, ಆರೋಗ್ಯ ಸಚಿವರೇ.

ಅಬಕಾರಿ ಸಚಿವರಲ್ಲಿ ನನ್ನ ಕೋರಿಕೆ ಇನ್ನೂ ಸುಲಭದ್ದು. ಸೇಂದಿ ದಾಳಿಗೆ ಹೊರಡುವ ಮುಂಚೆ ಸುದ್ದಿ ಹೊರಗೆ ಬಿಡಬಾರದು, ಗೊತ್ತು. ದಾಳಿ ಮುಗಿದ ಕೂಡಲೇ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಹೋಗಲಿ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ, ನಡುಕ, ಫಿಟ್ಸ್ ಬಂದರೆ ಆಸ್ಪತ್ರೆಗೆ ಬನ್ನಿ, ಕೇಸ್ ಹಾಕಲ್ಲ ಅಂತ ಹೇಳಲಿ. ಚುನಾವಣೆಗೆ, ಹಬ್ಬಕ್ಕೆ ಅಂಗಡಿ ಮುಚ್ಚುವಾಗ ಬಾಗಿಲಿಗೆ ಅಂಟಿಸುವ "ಇಂದು ಮದ್ಯ ಮಾರಾಟ ಇಲ್ಲ" ಅನ್ನುವ ಚೀಟಿಯ ಕೆಳಗೆ ಇನ್ನೆರಡು ಸಾಲು ಇರಲಿ: ರೋಜು ಕುಡಿಯುವವರಿಗೆ ಕೈ ನಡುಕ, ಬೆವರು, ಗಾಬರಿ ಶುರುವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನ ಸಹಾಯವಾಣಿ 14446. ಎರಡೂ ಉಚಿತ. ಅಚ್ಚಿನ ಖರ್ಚು ಒಂದು ಬಾಟಲಿಯ ಲೇಬಲ್‌ನಷ್ಟೂ ಆಗದು.

ನನ್ನ ಪಿಂಚಣಿ ನನಗೆ ಸಾಕು. ಹೊಸ ನರ್ಸುಗಳಿಗೆ ಆ ಎರಡು ಪ್ರಶ್ನೆ ಹೇಗೆ ಕೇಳಬೇಕು, ನಡುಕ ನೋಡಿ ಡೋಸ್ ಬಗ್ಗೆ ಡಾಕ್ಟರಿಗೆ ಯಾವಾಗ ಫೋನ್ ಮಾಡಿ ಕೇಳಬೇಕು ಅಂತ ಹೇಳಿಕೊಡಲು ಜಿಲ್ಲೆಯ ಯಾವ ತಾಲ್ಲೂಕು ಆಸ್ಪತ್ರೆ ಕರೆದರೂ ಬರುತ್ತೇನೆ. ಟಿ.ಎ., ಡಿ.ಎ. ಬೇಡ. ಬೆಳಗಿನ ಪಾಳಿ ಆದರೆ ಒಳ್ಳೆಯದು, ರಾತ್ರಿ ಬಸ್ಸು ಸಿಗುವುದು ಕಷ್ಟ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್
ರಾಯಚೂರು ಜಿಲ್ಲೆ